ಮೂರು ಕ್ಯಾಮೆರಾ, ಒಂದೇ ಆಟ

ಕರಾವಳಿಯ ಮನೆಯೊಂದರಲ್ಲಿ ಹರಕೆಯ ಬಯಲಾಟವಾದ ಮರುದಿನ ಕುಟುಂಬದ ವಾಟ್ಸ್‌ಆ್ಯಪ್ ಗುಂಪು ವಿಡಿಯೋಗಳಿಂದ ತುಂಬಿಹೋಗುತ್ತದೆ. ರಂಗಸ್ಥಳದ ನೇರ ಎದುರು ಸ್ಟ್ಯಾಂಡಿಗೆ ಸಿಕ್ಕಿಸಿಟ್ಟಿದ್ದ ಮೊಬೈಲಿನಲ್ಲಿ ಆಟ ಪೂರ್ತಿ ಇರುತ್ತದೆ, ಆದರೆ ವೇಷಗಳು ಹೆಬ್ಬೆರಳಿನಷ್ಟೇ ಕಾಣುತ್ತವೆ. ಪಕ್ಕದಲ್ಲಿ ಕೂತು ತೆಗೆದವರ ಬಳಿ ಭಾಗವತರೂ ಮದ್ದಳೆಯವರೂ ಚೆನ್ನಾಗಿ ಸಿಕ್ಕಿರುತ್ತಾರೆ, ಎದುರಿನ ಕುಣಿತ ಅರ್ಧಕ್ಕೇ ಕತ್ತರಿಸಿರುತ್ತದೆ. ದೊಡ್ಡ ಲೆನ್ಸಿನ ಕ್ಯಾಮೆರಾ ತಂದವರಲ್ಲಿ ಮುಖದ ಬಣ್ಣದ ಒಂದೊಂದು ಗೆರೆಯೂ ಇರುತ್ತದೆ, ಯಾರ ಮಾತಿಗೆ ಆ ಮುಖ ಹಾಗೆ ಕೆರಳಿತು ಎಂಬುದು ಇರುವುದಿಲ್ಲ. ಮೂರರಲ್ಲೂ ಇರುವುದು ಒಂದೇ ರಾತ್ರಿ, ಒಂದೇ ಪ್ರಸಂಗ. ಯಾವುದೊಂದನ್ನು ಹಾಕಿ ನೋಡಿದರೂ ಆಟ ನೋಡಿದ ತೃಪ್ತಿ ಸಿಗುವುದಿಲ್ಲ.

ಈ ಮೂರನ್ನೂ ಒಂದೇ ಕಾಲಕ್ಕೆ ಹೊಂದಿಸಿ, ಯಾವ ಹೊತ್ತಿಗೆ ಯಾವುದನ್ನು ನೋಡಬೇಕೆಂದು ಆರಿಸುತ್ತ ಹೋಗುವ ಕೆಲಸಕ್ಕೆ ಮಲ್ಟಿಕ್ಯಾಮ್ ಎಡಿಟಿಂಗ್ ಎನ್ನುತ್ತಾರೆ. ಮದುವೆ ವಿಡಿಯೋದವರು ‘ಮಿಕ್ಸಿಂಗ್’ ಎಂದು ಕರೆಯುವ ಕೆಲಸದಲ್ಲಿ ಇದೂ ಸೇರಿದೆ. ಒಂದು ಕಾಲಕ್ಕೆ ಸ್ಟುಡಿಯೋಗಳಿಗೆ ಮಾತ್ರ ಎಟುಕುತ್ತಿದ್ದ ಈ ಸೌಲಭ್ಯ ಈಗ ಮನೆಯ ಕಂಪ್ಯೂಟರಿನಲ್ಲಿ, ಕಾಸು ಕೊಡದೆಯೂ ಸಿಗುತ್ತದೆ. ಯಾವ ಗುಂಡಿ ಒತ್ತಬೇಕೆಂದು ಹೇಳಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಯಾವಾಗ ಒತ್ತಬೇಕು, ಯಾವಾಗ ಕೈ ಕಟ್ಟಿ ಕೂರಬೇಕು ಎಂದು ಹೇಳುವವರು ಕಡಿಮೆ. ಹಲವು ಕ್ಯಾಮೆರಾ ಇಡುವುದು ನಡೆಯುತ್ತಿರುವುದನ್ನು ತುಂಡು ಮಾಡದೆ ಉಳಿಸಿಕೊಳ್ಳುವುದಕ್ಕೆ. ಎಡಿಟ್ ಮಾಡುವವರ ಪ್ರತಿಯೊಂದು ತೀರ್ಮಾನವೂ ಅಲ್ಲಿಂದಲೇ ಹೊರಡಬೇಕು ಎಂದು ನಾನು ನಂಬಿದ್ದೇನೆ.

ಈ ಪದ್ಧತಿ ನೆಲೆಯೂರಿದ ಬಗೆಯೂ ಅದನ್ನೇ ಹೇಳುತ್ತದೆ. 1951ರಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಗೆ ‘ಐ ಲವ್ ಲೂಸಿ’ ಎಂಬ ಹಾಸ್ಯ ಧಾರಾವಾಹಿ ತಯಾರಾಗುತ್ತಿತ್ತು. ನಾಯಕಿ ಲೂಸಿಲ್ ಬಾಲ್ ಅವರ ಅಭಿನಯ ಕಳೆಗಟ್ಟುತ್ತಿದ್ದುದು ಎದುರಿಗೆ ಜನ ಕೂತು ನಗುತ್ತಿದ್ದಾಗ. ಸಿನಿಮಾ ತೆಗೆಯುವ ರೂಢಿಯಂತೆ ಒಂದೇ ಕ್ಯಾಮೆರಾ ಇಟ್ಟರೆ, ಒಮ್ಮೆ ದೂರದಿಂದ ತೆಗೆದು, ನಿಲ್ಲಿಸಿ, ದೀಪ ಬದಲಿಸಿ, ಅದೇ ಮಾತನ್ನು ಮತ್ತೆ ಹೇಳಿಸಿ ಹತ್ತಿರದಿಂದ ತೆಗೆಯಬೇಕಾಗುತ್ತದೆ. ಅದೇ ನಗೆಮಾತನ್ನು ಮೂರನೇ ಸಲ ಕೇಳಿದ ಪ್ರೇಕ್ಷಕರು ಮೊದಲಿನಂತೆ ನಗಲಾರರು. ಆದ್ದರಿಂದ ಮೂರು 35 ಎಂಎಂ ಫಿಲ್ಮ್ ಕ್ಯಾಮೆರಾಗಳನ್ನು ಒಟ್ಟಿಗೆ ಓಡಿಸಿ, ದೃಶ್ಯವನ್ನು ನಾಟಕದ ಹಾಗೆ ಒಂದೇ ಓಟದಲ್ಲಿ ಆಡಿಸಿದರು. ಅದಕ್ಕಿಂತ ಮುಂಚೆಯೂ ಇಂಥ ಪ್ರಯತ್ನಗಳು ನಡೆದಿದ್ದವು, ಆದರೆ ಮುಂದಿನವರು ಅನುಸರಿಸಿದ್ದು ಈ ಮಾದರಿಯನ್ನು. ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್ ಜರ್ಮನಿಯಲ್ಲಿ 1927ರ ‘ಮೆಟ್ರೊಪೊಲಿಸ್’ ಚಿತ್ರಕ್ಕೆ ಕೆಲಸ ಮಾಡಿದ್ದವರು. ಒಂದು ಕ್ಯಾಮೆರಾಕ್ಕೆ ಚೆಂದ ಕಾಣುವ ದೀಪ ಇನ್ನೊಂದಕ್ಕೆ ನೆರಳಾಗುತ್ತದೆ ಎಂಬ ತೊಡಕನ್ನು ಅವರು ಬೆಳಕನ್ನು ಹೆಚ್ಚಾಗಿ ಮೇಲಿನಿಂದ ಸಮವಾಗಿ ಹರಡಿ ಬಿಡಿಸಿದರು. ಎಡಿಟಿಂಗ್ ಕೋಣೆಗೆ ಮೂರು ಪರದೆಗಳಿದ್ದ ವಿಶೇಷ ಮೂವಿಯೋಲಾ ಯಂತ್ರ ಬಂತು. ಮೂರು ಚಿತ್ರಗಳೂ ಒಂದು ಧ್ವನಿಯೂ ಜೊತೆಜೊತೆಯಾಗಿ ಓಡುತ್ತಿದ್ದ ಅದಕ್ಕೆ ಅಲ್ಲಿನವರು ಮೂರು ತಲೆಯ ರಾಕ್ಷಸ ಎಂದು ಹೆಸರಿಟ್ಟಿದ್ದರು.

ಇಂದು ಕಂಪ್ಯೂಟರಿನಲ್ಲಿ ಮಲ್ಟಿಕ್ಯಾಮ್ ಕಿಟಕಿ ತೆರೆದಾಗ ಕಾಣುವ ನಾಲ್ಕು ಚೌಕಗಳು ಆ ಯಂತ್ರದ ನೇರ ಸಂತಾನ. ಕ್ರಿಕೆಟ್ ನೇರಪ್ರಸಾರದಲ್ಲಿ ವಿಷನ್ ಮಿಕ್ಸರ್ ಎದುರು ಕೂತವರು ಆ ಕ್ಷಣದಲ್ಲೇ ಕ್ಯಾಮೆರಾ ಆರಿಸಬೇಕು, ತಪ್ಪಿದರೆ ತಪ್ಪಿತು. ಮನೆಯಲ್ಲಿ ಕೂತವರಿಗೆ ಆ ಅವಸರವಿಲ್ಲ. ಆರಿಸಿದ್ದನ್ನು ನಾಳೆ ಬದಲಿಸಬಹುದು.

ತಂತ್ರಾಂಶದ ವಿಷಯವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಇಲ್ಲಿ ಆಯ್ಕೆ ಅಷ್ಟು ದೊಡ್ಡ ಪ್ರಶ್ನೆಯಲ್ಲ. 2011ರಲ್ಲಿ ಆ್ಯಪಲ್ ಕಂಪನಿ ಫೈನಲ್ ಕಟ್ ಪ್ರೊ ಹತ್ತನೇ ಆವೃತ್ತಿಯನ್ನು ಮಲ್ಟಿಕ್ಯಾಮ್ ಇಲ್ಲದೆಯೇ ಬಿಡುಗಡೆ ಮಾಡಿದಾಗ ವೃತ್ತಿಪರರು ಎಬ್ಬಿಸಿದ ಗದ್ದಲ ದೊಡ್ಡದಾಗಿತ್ತು. 2012ರ ಜನವರಿಯಲ್ಲಿ ಅದನ್ನು ಸೇರಿಸಿದರು, ಅದೂ 64 ಕ್ಯಾಮೆರಾಗಳವರೆಗೆ. ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿಯ ಡಾವಿಂಚಿ ರಿಸಾಲ್ವ್‌ಗೆ 2015ರಲ್ಲಿ ಮಲ್ಟಿಕ್ಯಾಮ್ ಬಂತು. ಅದರ ಉಚಿತ ಆವೃತ್ತಿಯಲ್ಲೂ ಈ ಸೌಲಭ್ಯ ಇರುವುದರಿಂದ ಮನೆಯವರಿಗೆ ನಾನು ಮೊದಲು ಹೇಳುವುದು ಅದನ್ನೇ. ಕಂಪ್ಯೂಟರ್ ಅಷ್ಟು ಗಟ್ಟಿಯಿಲ್ಲದವರಿಗೆ ಮುಕ್ತ ತಂತ್ರಾಂಶವಾದ ಕೆಡೆನ್‌ಲೈವ್ ಇದೆ. ಪವರ್‌ಡೈರೆಕ್ಟರ್‌ನಲ್ಲಿ ನಾಲ್ಕು ಕ್ಯಾಮೆರಾಗಳ ಪ್ರತ್ಯೇಕ ಕಿಟಕಿಯಿದೆ. ಮದುವೆ ಸ್ಟುಡಿಯೋಗಳಲ್ಲಿ ಬಳಕೆಯಲ್ಲಿರುವ ಎಡಿಯಸ್‌ನಲ್ಲೂ ಇದಕ್ಕೆ ಬೇರೆ ವ್ಯವಸ್ಥೆಯಿದೆ. ಐಮೂವಿಯಲ್ಲಿ ನಿಜವಾದ ಮಲ್ಟಿಕ್ಯಾಮ್ ಇಲ್ಲ. ಒಂದು ಕ್ಯಾಮೆರಾದ ಮೇಲೆ ಇನ್ನೊಂದನ್ನು ಕಟ್‌ಅವೇ ಆಗಿ ಹೊದಿಸಬಹುದು, ಎರಡು ಕ್ಯಾಮೆರಾಕ್ಕೆ ಅಷ್ಟು ಸಾಕು.

ಇನ್ನು ಕೆಲಸದ ತಿರುಳಿಗೆ ಬರೋಣ. ಮೂರು ಕ್ಯಾಮೆರಾಗಳು ಮೂರು ಬೇರೆ ಬೇರೆ ಹೊತ್ತಿಗೆ ಶುರುವಾಗಿರುತ್ತವೆ. ಅವುಗಳನ್ನು ಒಂದೇ ಕ್ಷಣಕ್ಕೆ ತರುವುದನ್ನು ಸಿಂಕ್ ಮಾಡುವುದು ಎನ್ನುತ್ತಾರೆ. ಸಿನಿಮಾದವರು ಕ್ಲಾಪ್ ಬೋರ್ಡ್ ಬಡಿಯುವುದು ಇದಕ್ಕಾಗಿಯೇ: ಹಲಗೆ ಹಲಗೆಗೆ ತಾಗಿದ ಚಿತ್ರದ ಫ್ರೇಮನ್ನೂ ಆ ಸದ್ದನ್ನೂ ಕೂಡಿಸಿದರೆ ಮುಂದಿನದೆಲ್ಲ ತಾನಾಗಿ ಕೂಡುತ್ತದೆ. ದೊಡ್ಡ ಕ್ಯಾಮೆರಾಗಳು ಗಂಟೆ, ನಿಮಿಷ, ಸೆಕೆಂಡು, ಫ್ರೇಮ್ ಎಂದು ಪ್ರತಿ ಚಿತ್ರಕ್ಕೂ ಬರೆದಿಡುವ ಟೈಮ್‌ಕೋಡ್‌ನಿಂದ ಈ ಕೆಲಸ ಮಾಡುತ್ತವೆ. ಮೊಬೈಲುಗಳಿಗೆ ಅಂಥ ಸಾಮಾನ್ಯ ಗಡಿಯಾರವಿರುವುದಿಲ್ಲ. ಅವುಗಳ ಪಾಲಿಗೆ ಇರುವ ಒಂದೇ ಸಾಕ್ಷಿ, ಎಲ್ಲವೂ ಕೇಳಿಸಿಕೊಂಡ ಸದ್ದು.

2009ರ ಹೊತ್ತಿಗೆ ಪ್ಲೂರಲ್‌ಐಸ್ ಎಂಬ ಚಿಕ್ಕ ತಂತ್ರಾಂಶ ಆ ಸಾಕ್ಷಿಯನ್ನೇ ನೆಚ್ಚಿ ಕ್ಲಿಪ್‌ಗಳನ್ನು ತಾನಾಗಿ ಹೊಂದಿಸಿ ತೋರಿಸಿತು. ಈಗ ಬಹುತೇಕ ಎಡಿಟಿಂಗ್ ತಂತ್ರಾಂಶಗಳಲ್ಲಿ ಆ ಗುಣ ಸೇರಿಕೊಂಡಿದೆ. ಒಂದು ಕ್ಲಿಪ್‌ನ ಧ್ವನಿ ಏರಿಳಿತದ ಗೆರೆಯನ್ನು ಇನ್ನೊಂದರ ಗೆರೆಯ ಪಕ್ಕದಲ್ಲಿ ಇಷ್ಟಿಷ್ಟೇ ಸರಿಸುತ್ತ, ಎಲ್ಲಿ ಎರಡರ ಏರು ಏರಿಗೆ, ಇಳಿತ ಇಳಿತಕ್ಕೆ ಅತಿ ಹೆಚ್ಚು ಕೂಡುತ್ತದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಕೂಡಿದ ಜಾಗವೇ ಸಿಂಕ್. ಧ್ವನಿಯನ್ನು ಸೆಕೆಂಡಿಗೆ 48,000 ಸಲ ಅಳೆದಿರುತ್ತಾರೆ, ಚಿತ್ರ ಸೆಕೆಂಡಿಗೆ 25 ಎಂದಿಟ್ಟುಕೊಂಡರೆ ಒಂದು ಫ್ರೇಮಿನ ಅವಧಿಗೆ 1,920 ಅಳತೆಗಳು. ಕಣ್ಣಿಗಿಂತ ಕಿವಿಯನ್ನು ನಂಬಿ ಹೊಂದಿಸುವುದು ನಿಖರವಾಗುವುದು ಇದರಿಂದ.

ಯಕ್ಷಗಾನದ ಹಿಮ್ಮೇಳಕ್ಕೆ ಇದನ್ನು ಹಚ್ಚುವಾಗ ಒಂದು ಅಪಾಯ ಗಮನದಲ್ಲಿರಬೇಕು. ಚೆಂಡೆ ಒಂದೇ ನಡೆಯಲ್ಲಿ ಆವರ್ತನದ ಮೇಲೆ ಆವರ್ತನ ನುಡಿಯುತ್ತಿರುವಾಗ ತೆಗೆದ ಹತ್ತು ಸೆಕೆಂಡಿನ ತುಣುಕು ಒಂದಲ್ಲ, ನಾಲ್ಕಾರು ಜಾಗಗಳಲ್ಲಿ ಹೊಂದಿದಂತೆ ಕಾಣುತ್ತದೆ. ಕಂಪ್ಯೂಟರ್ ಅದನ್ನು ಒಂದು ಆವರ್ತನ ಆಚೆಗೋ ಈಚೆಗೋ ಕೂರಿಸಿಬಿಡಬಹುದು. ತಾಳ ಸರಿಯಾಗಿಯೇ ಕೇಳುತ್ತದೆ, ಭಾಗವತರ ತುಟಿ ಮಾತ್ರ ಬೇರೆ ಅಕ್ಷರ ಹೇಳುತ್ತಿರುತ್ತದೆ. ಪದ್ಯದ ಸಾಹಿತ್ಯವೋ ವೇಷಧಾರಿಯ ಮಾತೋ ಸೇರಿರುವಷ್ಟು ಉದ್ದದ ಕ್ಲಿಪ್ ಕೊಟ್ಟರೆ ಈ ಗೊಂದಲವಿಲ್ಲ. ಆದಕಾರಣ ವಿಡಿಯೋ ತೆಗೆಯುವವರಿಗೆ ಮೊದಲೇ ಹೇಳಿಡಬೇಕಾದ ಮಾತು: ನಡುನಡುವೆ ನಿಲ್ಲಿಸಬೇಡಿ, ಬೇಡದ್ದಾದರೂ ಓಡುತ್ತಿರಲಿ.

ಎರಡನೆಯ ಸಂಗತಿ ಇನ್ನೂ ಸ್ವಾರಸ್ಯದ್ದು. ನಮ್ಮ ಹವೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 346 ಮೀಟರ್ ಓಡುತ್ತದೆ. ಒಂದು ಫ್ರೇಮಿನ ಅವಧಿಯಲ್ಲಿ, ಎಂದರೆ ಸೆಕೆಂಡಿನ 25ನೇ ಒಂದು ಭಾಗದಲ್ಲಿ, ಅದು ಕ್ರಮಿಸುವುದು 14 ಮೀಟರಿನಷ್ಟು. ರಂಗಸ್ಥಳದಿಂದ 42 ಮೀಟರ್ ಹಿಂದೆ, ಗದ್ದೆಯ ಅಂಚಿನಲ್ಲಿಟ್ಟ ಕ್ಯಾಮೆರಾಕ್ಕೆ ಕಾಲು ನೆಲಕ್ಕೆ ಬಿದ್ದದ್ದು ಆಗಲೇ ಕಾಣುತ್ತದೆ, ಚೆಂಡೆಯ ಪೆಟ್ಟು ಮೂರು ಫ್ರೇಮ್ ತಡವಾಗಿ ಕೇಳುತ್ತದೆ. ಕಂಪ್ಯೂಟರ್ ಸದ್ದಿಗೆ ಸದ್ದು ಹೊಂದಿಸಿದಾಗ ಆ ಕ್ಯಾಮೆರಾದ ಚಿತ್ರ ಮೂರು ಫ್ರೇಮ್ ಮುಂದೋಡಿರುತ್ತದೆ. ಅದನ್ನೊಂದನ್ನೇ ನೋಡಿದರೆ ಯಾರಿಗೂ ತಿಳಿಯದು. ಹತ್ತಿರದ ಕ್ಯಾಮೆರಾದಿಂದ ಅದಕ್ಕೆ ಕಟ್ ಮಾಡಿದಾಗ ಕುಣಿತದಲ್ಲಿ ಒಂದು ಹೆಜ್ಜೆಯ ಚೂರು ಕಾಣೆಯಾಗುತ್ತದೆ. ನೋಡುವವರಿಗೆ ಏನೋ ಎಡವಿದಂತೆ ಅನಿಸುತ್ತದೆ, ಕಾರಣ ಗೊತ್ತಾಗುವುದಿಲ್ಲ. ಮಾಡಬೇಕಾದ್ದು ಇಷ್ಟೆ: ಆ ಕ್ಯಾಮೆರಾವನ್ನು, ಮೂರನ್ನೂ ಹೊಂದಿಸಿಟ್ಟ ಮಲ್ಟಿಕ್ಯಾಮ್ ಕ್ಲಿಪ್‌ನ ಒಳಗೆ ತೆರೆದು, ಕೈಯಿಂದ ಮೂರು ಫ್ರೇಮ್ ತಡವಾಗುವಂತೆ ಸರಿಸಿ, ಗೆಜ್ಜೆಕಾಲು ನೆಲಕ್ಕೆ ತಾಗುವ ಫ್ರೇಮ್ ಎರಡರಲ್ಲೂ ಒಂದೇ ಆಗುವಂತೆ ನೋಡುವುದು. ಮೈಕಿನವರ ಸ್ಪೀಕರ್ ಆ ಕ್ಯಾಮೆರಾದ ಪಕ್ಕದಲ್ಲೇ ಇದ್ದಿದ್ದರೆ ಈ ಲೆಕ್ಕ ಬದಲಾಗುತ್ತದೆ. ತಂತಿಯಲ್ಲಿ ಬರುವ ಸದ್ದಿಗೆ ಈ ತಡವಿಲ್ಲ, ಆಗ ಅಳೆಯಬೇಕಾದ್ದು ಸ್ಪೀಕರಿನಿಂದ ಕ್ಯಾಮೆರಾಕ್ಕಿರುವ ದೂರವನ್ನು.

ಚಿತ್ರಕ್ಕಿಂತ ಸದ್ದು ಕೊಂಚ ತಡವಾದರೆ ನಾವು ಸಹಿಸುತ್ತೇವೆ, ಮುಂಚೆ ಬಂದರೆ ಸಹಿಸುವುದಿಲ್ಲ. ಪ್ರಸಾರ ತಂತ್ರಜ್ಞಾನದ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಸದ್ದು 45 ಮಿಲಿಸೆಕೆಂಡು ಮುಂಚೆ ಬಂದರೇ ಜನರಿಗೆ ಗೊತ್ತಾಗುತ್ತದೆ, ತಡವಾದರೆ 125 ಮಿಲಿಸೆಕೆಂಡಿನವರೆಗೆ ಗೊತ್ತಾಗದು. ಹೊರಗಿನ ಪ್ರಪಂಚದಲ್ಲಿ ಯಾವಾಗಲೂ ಬೆಳಕು ಮೊದಲು, ಸದ್ದು ಆಮೇಲೆ. ಅಗಸರ ಕಲ್ಲಿನ ಸದ್ದನ್ನು ಹೊಳೆಯ ಈಚೆ ದಡದಿಂದ ಕೇಳಿ ಬೆಳೆದವರಿಗೆ ಇದು ಹೊಸತಲ್ಲ. ಅನುಮಾನವಿದ್ದಾಗ ಸದ್ದನ್ನು ಒಂದು ಫ್ರೇಮ್ ತಡವಾಗಿ ಬಿಡುವುದು ಕ್ಷೇಮ.

ಒಮ್ಮೆ ಸಿಂಕ್ ಆದದ್ದು ಕೊನೆಯವರೆಗೂ ಹಾಗೇ ಇರುತ್ತದೆಂಬ ಖಾತರಿಯಿಲ್ಲ. ಪ್ರತಿ ಮೊಬೈಲಿನಲ್ಲೂ ರೆಕಾರ್ಡರಿನಲ್ಲೂ ಸಮಯ ಎಣಿಸುವುದು ಒಂದು ಸ್ಫಟಿಕ. ಎರಡು ಸ್ಫಟಿಕಗಳ ನಡುವೆ ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ವ್ಯತ್ಯಾಸವಿದ್ದರೂ ಒಂದು ಗಂಟೆಗೆ 72 ಮಿಲಿಸೆಕೆಂಡು, ಎಂದರೆ ಎರಡು ಫ್ರೇಮಿಗೆ ಹತ್ತಿರ. ಐದು ಗಂಟೆಯ ಕಾಲಮಿತಿ ಆಟಕ್ಕೆ ಅದು ಒಂಬತ್ತು ಫ್ರೇಮ್. ಮಂಗಳ ಹಾಡುವ ಹೊತ್ತಿಗೆ ಭಾಗವತರ ಬಾಯಿಗೂ ಧ್ವನಿಗೂ ಸಂಬಂಧವೇ ಇರುವುದಿಲ್ಲ. ಇದರ ಜೊತೆಗೆ ಮೊಬೈಲುಗಳದೇ ಒಂದು ಗುಣವಿದೆ: ಬೆಳಕು ಕಡಿಮೆಯಾದಾಗಲೋ ಬಿಸಿಯೇರಿದಾಗಲೋ ಸೆಕೆಂಡಿಗೆ ತೆಗೆಯುವ ಫ್ರೇಮುಗಳ ಸಂಖ್ಯೆಯನ್ನು ತಾವೇ ಏರುಪೇರು ಮಾಡುತ್ತವೆ. ಅಂಥ ಕಡತವನ್ನು ಹ್ಯಾಂಡ್‌ಬ್ರೇಕ್‌ನಂಥ ಉಚಿತ ತಂತ್ರಾಂಶದಲ್ಲಿ ಹಾಕಿ ಸ್ಥಿರ ವೇಗಕ್ಕೆ ಬದಲಿಸಿಕೊಂಡ ಮೇಲೆಯೇ ಎಡಿಟಿಂಗಿಗೆ ತರಬೇಕು. ಸ್ಫಟಿಕಗಳ ವ್ಯತ್ಯಾಸಕ್ಕೆ ಮದ್ದು, ಆಟವನ್ನು ಪ್ರವೇಶದಿಂದ ಪ್ರವೇಶಕ್ಕೆ ಭಾಗ ಮಾಡಿ ಒಂದೊಂದನ್ನೂ ಹೊಸದಾಗಿ ಸಿಂಕ್ ಮಾಡುವುದು. ಒಂದು ಪಾತ್ರ ಒಳಗೆ ಹೋಗಿ ಇನ್ನೊಂದು ಬರುವ ಜಾಗ ಇದಕ್ಕೆ ಒಳ್ಳೆಯದು, ಅಲ್ಲಿ ಹೊಲಿಗೆ ಕಾಣುವುದಿಲ್ಲ.

ತೆಗೆಯುವಾಗಲೇ ನೋಡಿಕೊಳ್ಳಬೇಕಾದವು ಬೇರೆ ಇವೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಟ್ಯೂಬ್‌ಲೈಟೂ ಅಗ್ಗದ ಎಲ್‌ಇಡಿ ದೀಪಗಳೂ ಸೆಕೆಂಡಿಗೆ 100 ಸಲ ಮಿಡಿಯುತ್ತವೆ. 30 ಫ್ರೇಮಿಗಿಟ್ಟ ಮೊಬೈಲಿನಲ್ಲಿ ಪರದೆಯ ಮೇಲೆ ಕಪ್ಪು ಪಟ್ಟಿಗಳು ತೇಲುವುದು ಇದರಿಂದ. ಎಲ್ಲ ಕ್ಯಾಮೆರಾಗಳನ್ನೂ 25 ಫ್ರೇಮಿಗೆ, ಶಟರ್ 50ನೇ ಒಂದು ಭಾಗಕ್ಕೆ ಇಟ್ಟರೆ ಈ ಕಾಟ ತಪ್ಪುತ್ತದೆ. ಐಫೋನಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಪ್ಯಾಲ್ ಮಾದರಿಗಳನ್ನು ತೋರಿಸುವಂತೆ ಮಾಡಿದರೆ 25 ಸಿಗುತ್ತದೆ. ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ತರುವವರು ನೆನಪಿಡಬೇಕಾದ್ದು, ಅವುಗಳಲ್ಲಿ ಅನೇಕವು 29 ನಿಮಿಷ 59 ಸೆಕೆಂಡಿಗೆ ತಾವೇ ನಿಂತುಬಿಡುತ್ತವೆ. ಅರ್ಧ ಗಂಟೆ ರೆಕಾರ್ಡ್ ಮಾಡಬಲ್ಲದ್ದನ್ನು ಐರೋಪ್ಯ ಒಕ್ಕೂಟ ವಿಡಿಯೋ ಕ್ಯಾಮೆರಾ ಎಂದು ಲೆಕ್ಕ ಹಿಡಿದು ಹೆಚ್ಚು ಸುಂಕ ಹಾಕುತ್ತಿದ್ದುದರಿಂದ ತಯಾರಕರು ಅಲ್ಲಿಗೇ ಮಿತಿ ಹಾಕಿದ್ದರು. ಯುರೋಪಿನ ಸುಂಕದ ಕಟ್ಟಳೆಯಿಂದಾಗಿ ಇಲ್ಲಿ ಅಭಿಮನ್ಯು ಚಕ್ರವ್ಯೂಹಕ್ಕೆ ನುಗ್ಗುವ ಹೊತ್ತಿಗೆ ಕ್ಯಾಮೆರಾ ನಿಲ್ಲಬಾರದೆಂದಿದ್ದರೆ, ಪದ್ಯ ಮುಗಿದ ಬಿಡುವಿನಲ್ಲಿ ನಾವೇ ನಿಲ್ಲಿಸಿ ಮತ್ತೆ ಒತ್ತಬೇಕು.

ಜಾಗದ ಲೆಕ್ಕ ಹೀಗಿದೆ. ಇಂದಿನ ಮೊಬೈಲಿನ 4ಕೆ ಚಿತ್ರ ನಿಮಿಷಕ್ಕೆ ಸುಮಾರು 170 ಎಂಬಿ ತಿನ್ನುತ್ತದೆ. ಮೂರು ಗಂಟೆ, ಮೂರು ಕ್ಯಾಮೆರಾ ಎಂದರೆ 90 ಜಿಬಿ ದಾಟುತ್ತದೆ. ಮೂರನ್ನೂ ಒಟ್ಟಿಗೆ ಓಡಿಸಲು ಮನೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಆಗ ಪ್ರಾಕ್ಸಿ ಎಂಬ ಚಿಕ್ಕ ನಕಲುಗಳನ್ನು ತಂತ್ರಾಂಶದಿಂದಲೇ ಮಾಡಿಸಿಕೊಂಡು ಅವುಗಳ ಮೇಲೆ ಕೆಲಸ ನಡೆಸಬೇಕು, ಕೊನೆಯಲ್ಲಿ ಅದು ತಾನಾಗಿ ಮೂಲಕ್ಕೆ ಮರಳುತ್ತದೆ. 4ಕೆಯಿಂದ ಇನ್ನೊಂದು ಲಾಭವೂ ಇದೆ. ಅಂತಿಮ ವಿಡಿಯೋ 1920ಕ್ಕೆ 1080ರ ಅಳತೆಯದಾದರೆ, ಅದಕ್ಕೆ ನಾಲ್ಕು ಪಟ್ಟು ಬಿಂದುಗಳಿರುವ 4ಕೆ ಚಿತ್ರದ ಕಾಲುಭಾಗವನ್ನು ಕತ್ತರಿಸಿ ತೆಗೆದರೂ ಮಸುಕಾಗುವುದಿಲ್ಲ. ಎದುರಿನ ಒಂದೇ ಮೊಬೈಲು ದೂರದ ಕ್ಯಾಮೆರಾವೂ ಆಗುತ್ತದೆ, ಹತ್ತಿರದ್ದೂ ಆಗುತ್ತದೆ, ಎರಡರ ನಡುವೆ ಸಿಂಕ್ ಮಾಡುವ ಗೋಜೇ ಇಲ್ಲ. ಕ್ಯಾಮೆರಾ ಎರಡೇ ಇರುವವರು ಇದನ್ನು ಮರೆಯಬಾರದು.

ಇಷ್ಟಾದ ಮೇಲೆ ಧ್ವನಿ. ಮನೆಯಲ್ಲಿ ಮಾಡಿದ ಮಲ್ಟಿಕ್ಯಾಮ್ ವಿಡಿಯೋ ಕೆಡುವುದು ಹೆಚ್ಚಾಗಿ ಇಲ್ಲೇ. ಕ್ಯಾಮೆರಾ ಬದಲಾದಾಗಲೆಲ್ಲ ಧ್ವನಿಯೂ ಬದಲಾಗಲು ಬಿಟ್ಟರೆ ಒಮ್ಮೆ ಚೆಂಡೆ ಕಿವಿಗಪ್ಪಳಿಸುತ್ತದೆ, ಮರುಗಳಿಗೆ ದೂರದ ಜಾತ್ರೆಯಿಂದ ಕೇಳಿದಂತಿರುತ್ತದೆ, ಮತ್ತೊಮ್ಮೆ ಕಡಲೆ ಮಾರುವವರ ಕೂಗು ಮೇಲೇಳುತ್ತದೆ. ಹೂ ಕಟ್ಟುವಾಗ ಬಾಳೆನಾರು ಎಲ್ಲೂ ತುಂಡಾಗಬಾರದಲ್ಲ, ಇಲ್ಲಿ ಧ್ವನಿಯದು ಆ ಸ್ಥಾನ. ಒಂದೇ ಧ್ವನಿ ಮೊದಲಿನಿಂದ ಕೊನೆಯವರೆಗೆ ಹೋಗಬೇಕು, ಚಿತ್ರಗಳು ಅದರ ಮೇಲೆ ಬದಲಾಗಬೇಕು. ಎಲ್ಲಕ್ಕಿಂತ ಒಳ್ಳೆಯದು ಮೈಕಿನವರ ಮಿಕ್ಸರಿನಿಂದ ಒಂದು ವಯರು ಪಡೆದು ಚಿಕ್ಕ ರೆಕಾರ್ಡರಿಗೆ ಕೊಡುವುದು. ಆಟ ಶುರುವಾಗುವ ಮೊದಲೇ ಹೋಗಿ ವಿನಯದಿಂದ ಕೇಳಿದರೆ ಬಹುಪಾಲು ಜನ ಕೊಡುತ್ತಾರೆ. ಆದರೆ ಆ ವಯರಿನಲ್ಲಿ ಮೈಕಿಗೆ ಬಿದ್ದದ್ದು ಮಾತ್ರ ಬರುತ್ತದೆ. ಗೆಜ್ಜೆ, ನೆಲಕ್ಕೆ ಬೀಳುವ ಕಾಲು, ಜನರ ನಗೆ, ಉದ್ಗಾರ ಯಾವುದೂ ಇರುವುದಿಲ್ಲ, ಕೇಳಲು ಸ್ಟುಡಿಯೋದ ಹಾಗೆ ಒಣಒಣ. ಎದುರಿನ ಮೊಬೈಲಿನ ಧ್ವನಿಯನ್ನು ಅದರ ಕೆಳಗೆ ಸಣ್ಣಗೆ ಸೇರಿಸಿದಾಗ ರಾತ್ರಿ ಮರಳಿ ಬರುತ್ತದೆ. ಎರಡರ ನಡುವೆ ಒಂದು ಫ್ರೇಮಿನಷ್ಟು ಅಂತರವಿದ್ದರೂ ಚೆಂಡೆ ಇಬ್ಬಗೆಯಾಗಿ ಕೇಳುತ್ತದೆ, ಇಲ್ಲಿ ಹೊಂದಿಕೆ ಫ್ರೇಮಿಗಿಂತ ಸೂಕ್ಷ್ಮವಾಗಿರಬೇಕು. ಮಲ್ಟಿಕ್ಯಾಮ್ ಕಿಟಕಿಯಲ್ಲಿ ಚಿತ್ರ ಮಾತ್ರ ಬದಲಾಗಲಿ ಎಂಬ ಆಯ್ಕೆಯೊಂದಿರುತ್ತದೆ. ಕೆಲಸ ಶುರುಮಾಡುವ ಮುನ್ನ ಅದನ್ನು ಒತ್ತಿಕೊಂಡಿದ್ದೇವೆಯೇ ಎಂದು ಎರಡು ಸಲ ನೋಡಿಕೊಳ್ಳಿ.

ಈಗ ಕಟ್ಟುಗಳು. ಪ್ಲೇ ಒತ್ತಿ, ಚೌಕಗಳಲ್ಲಿ ಮೂರೂ ಚಿತ್ರಗಳು ಓಡುತ್ತಿರುವಂತೆ 1, 2, 3 ಎಂಬ ಕೀಲಿಗಳನ್ನು ಒತ್ತುತ್ತ ಹೋದರೆ ಕಟ್ಟುಗಳು ಬೀಳುತ್ತ ಹೋಗುತ್ತವೆ. ಫೈನಲ್ ಕಟ್‌ನಲ್ಲೂ ರಿಸಾಲ್ವ್‌ನಲ್ಲೂ ಕ್ರಮ ಇದೇ. ಮೊದಲ ಸಲ ತಡೆಯದೆ, ಆಟ ನೋಡುವವರ ಹಾಗೆಯೇ ಮಾಡಬೇಕು. ನಮ್ಮ ಕಣ್ಣು ಎಲ್ಲಿಗೆ ಹೋಗಲು ಬಯಸಿತು ಎಂಬುದು ಆಗ ದಾಖಲಾಗುತ್ತದೆ. ಕಣ್ಣು ಕಂಡು ಬೆರಳು ಒತ್ತುವಷ್ಟರಲ್ಲಿ ಸೆಕೆಂಡಿನ ಕಾಲು ಭಾಗ ಕಳೆದಿರುವುದರಿಂದ ಪ್ರತಿ ಕಟ್ಟೂ ಐದಾರು ಫ್ರೇಮ್ ತಡವಾಗಿ ಬಿದ್ದಿರುತ್ತದೆ. ಎರಡನೇ ಸುತ್ತಿನಲ್ಲಿ ಆ ಗಡಿಗಳನ್ನು ಹಿಡಿದು ಹಿಂದಕ್ಕೆ ಎಳೆಯಬೇಕು. ಗಡಿ ಸರಿದರೂ ಮಲ್ಟಿಕ್ಯಾಮ್‌ನಲ್ಲಿ ಸಿಂಕ್ ಕದಲುವುದಿಲ್ಲ.

ಎಲ್ಲಿ ಕಟ್ ಮಾಡಬೇಕೆಂಬುದನ್ನು ಯಕ್ಷಗಾನದ ರಚನೆಯೇ ಹೇಳಿಕೊಡುತ್ತದೆ. ‘ಭೀಷ್ಮ ವಿಜಯ’ ಪ್ರಸಂಗದಲ್ಲಿ ಅಂಬೆ ಭೀಷ್ಮನೆದುರು ನಿಂತಿದ್ದಾಳೆ ಎಂದಿಟ್ಟುಕೊಳ್ಳಿ. ಭಾಗವತರು ಪದ್ಯ ಎತ್ತಿಕೊಳ್ಳುತ್ತಾರೆ. ಮೊದಲ ಸಾಲಿಗೆ ಅವರ ಮುಖ ತೋರಿಸುವುದು ನ್ಯಾಯ: ಧ್ವನಿ ಎಲ್ಲಿಂದ ಬಂತೆಂದು ಕಣ್ಣು ಹುಡುಕುತ್ತದೆ. ಅದೇ ಸಾಲು ಎರಡನೇ ಸಲ ಬರುವಾಗ ಅಂಬೆಗೆ ಹೋಗಬೇಕು, ಏಕೆಂದರೆ ಪದ್ಯದ ಭಾವ ಆಗ ಅವಳ ಮೈಯಲ್ಲಿದೆ. ಮುಕ್ತಾಯದ ಪೆಟ್ಟುಗಳಿಗೆ ಮದ್ದಳೆ, ಚೆಂಡೆಯವರ ಕೈ ಕಂಡರೆ ಚೆಂದ. ಮುಕ್ತಾಯ ಬಿದ್ದು ಮೌನವಾದೊಡನೆ ಎದುರಿನ ಕ್ಯಾಮೆರಾ, ಇಬ್ಬರೂ ಕಾಣುವ ಹಾಗೆ. ಅಲ್ಲಿಂದ ಅರ್ಥಗಾರಿಕೆ ಶುರು. ಅಂಬೆ ಕೇಳುತ್ತಾಳೆ, ವಾದಿಸುತ್ತಾಳೆ. ಮಾತಾಡುವವರನ್ನೇ ತೋರಿಸುತ್ತಿರಬೇಕೆಂದು ಕೈ ತವಕಿಸುತ್ತದೆ, ಆದರೆ ಸ್ವಲ್ಪ ಹೊತ್ತಿಗೆ ಆ ಮುಖದಲ್ಲಿ ಹೊಸದೇನೂ ಉಳಿದಿರುವುದಿಲ್ಲ. ಮಾತು ನಾಟಿದ್ದು ಕೇಳುತ್ತಿರುವ ಭೀಷ್ಮನಲ್ಲಿ ಕಾಣುತ್ತದೆ. ಬಿಲ್ಲಿನ ಮೇಲಿನ ಬೆರಳು ಬಿಗಿಯಾದದ್ದು, ಕಣ್ಣು ತಗ್ಗಿದ್ದು, ಉತ್ತರ ಬಾಯಿಗೆ ಬಂದು ನುಂಗಿಕೊಂಡದ್ದು. ಅಂಬೆಯ ಮಾತು ನಡೆಯುತ್ತಿರುವಾಗಲೇ ಭೀಷ್ಮನಿಗೆ ಕಟ್ ಮಾಡಬೇಕು, ಅವಳ ಧ್ವನಿ ಅವನ ಮುಖದ ಮೇಲೆ ಮುಂದುವರಿಯಬೇಕು. ಎದುರು ಕೂತು ಆಟ ನೋಡುವ ಒಳ್ಳೆಯ ಪ್ರೇಕ್ಷಕ ಮಾಡುವುದೂ ಇದನ್ನೇ, ಅವನ ಕಣ್ಣು ಆಗಾಗ ಕೇಳುವವನ ಕಡೆ ಹೊರಳುತ್ತದೆ.

ಇಲ್ಲೊಂದು ಗೆರೆಯ ವಿಚಾರವಿದೆ. ಅಂಬೆಯಿಂದ ಭೀಷ್ಮನಿಗೆ ಒಂದು ಗೆರೆ ಎಳೆದರೆ ಕ್ಯಾಮೆರಾಗಳೆಲ್ಲ ಅದರ ಒಂದೇ ಬದಿಯಲ್ಲಿರಬೇಕು. ಪ್ರೇಕ್ಷಕರ ಕಡೆಯಿಂದ ತೆಗೆದಾಗ ಬಲಕ್ಕೆ ನೋಡುತ್ತಿದ್ದ ಅಂಬೆ, ಚೆಂಡೆಯವರ ಹಿಂದೆ ನಿಂತು ತೆಗೆದ ಕ್ಯಾಮೆರಾದಲ್ಲಿ ಎಡಕ್ಕೆ ನೋಡುತ್ತಾಳೆ. ಎರಡನ್ನೂ ಬೆನ್ನುಬೆನ್ನಿಗೆ ಜೋಡಿಸಿದರೆ ಅವಳು ಭೀಷ್ಮನಿಗೆ ಬೆನ್ನು ತಿರುಗಿಸಿದಂತೆ ಕಾಣುತ್ತದೆ. ಹಿಂಬದಿಯ ಚಿತ್ರ ಬೇಕೇ ಬೇಕೆಂದಾದರೆ ನಡುವೆ ಭಾಗವತರನ್ನೊಮ್ಮೆ ತೋರಿಸಿ ದಾಟಬೇಕು. ಪಕ್ಕಪಕ್ಕದಲ್ಲೇ ನಿಂತು ಒಂದೇ ಅಳತೆಯಲ್ಲಿ ತೆಗೆದ ಎರಡು ಕ್ಯಾಮೆರಾಗಳ ನಡುವಿನ ಕಟ್ಟೂ ಕೆಟ್ಟದ್ದೇ, ಅದು ಚಿತ್ರ ತೊದಲಿದಂತೆ ಕಾಣುತ್ತದೆ. ಕನಿಷ್ಠ 30 ಡಿಗ್ರಿಯಷ್ಟಾದರೂ ಕೋನ ಬದಲಾಗಬೇಕೆಂಬುದು ಹಳೆಯ ನಿಯಮ.

ಕುಣಿತದ ವಿಷಯದಲ್ಲಿ ನನ್ನದು ಹಟವೇ ಇದೆ. ತೆಂಕುತಿಟ್ಟಿನ ಧೀಂಗಿಣವಾಗಲಿ ಬಡಗಿನ ಮಂಡಿಯಾಗಲಿ ಶುರುವಾದಾಗ ಎದುರಿನ ಕ್ಯಾಮೆರಾಕ್ಕೆ ಹೋಗಬೇಕು, ಅದು ಮುಗಿಯುವವರೆಗೆ ಕೀಲಿಯ ಹತ್ತಿರ ಬೆರಳು ಹೋಗಕೂಡದು. ಸುತ್ತು ಹಾರುವ ಅಭಿಮನ್ಯುವಿನ ಮುಖಕ್ಕೊಮ್ಮೆ, ಕಾಲಿಗೊಮ್ಮೆ, ಚೆಂಡೆಗೊಮ್ಮೆ ಕಟ್ ಮಾಡಿದರೆ ವಿಡಿಯೋಕ್ಕೆ ಬಿರುಸು ಬಂದಂತೆ ಕಾಣಬಹುದು, ಕಲಾವಿದನ ಸಾಧನೆ ಮಾಯವಾಗುತ್ತದೆ. ಅವನು ಎಷ್ಟು ಸುತ್ತು ಹಾಕಿದ, ಎಲ್ಲಿಂದ ಎಲ್ಲಿಗೆ ಬಂದ, ಕೊನೆಯ ಸುತ್ತಿಗೂ ತಾಳ ತಪ್ಪಲಿಲ್ಲ ಎಂಬುದಕ್ಕೆ ಪುರಾವೆ ಇರುವುದು ಕತ್ತರಿ ಬೀಳದ ಚಿತ್ರದಲ್ಲಿ ಮಾತ್ರ. ಕಟ್ ಇರುವಲ್ಲಿ ಅನುಮಾನವೂ ಇರುತ್ತದೆ. ಹಾಲಿವುಡ್‌ನ ಫ್ರೆಡ್ ಆಸ್ಟೇರ್ 1930ರ ದಶಕದಲ್ಲೇ ತನ್ನ ನೃತ್ಯವನ್ನು ಅಡಿಯಿಂದ ಮುಡಿಯವರೆಗೆ ಪೂರ್ತಿ ಕಾಣುವಂತೆ, ಆದಷ್ಟು ಕಡಿಮೆ ಕಟ್ಟುಗಳಲ್ಲಿ ತೆಗೆಯಬೇಕೆಂದು ಪಟ್ಟು ಹಿಡಿದಿದ್ದು ಇದಕ್ಕೇ. ಇಂದಿನ ರೀಲ್ಸ್‌ಗಳ ಅಭ್ಯಾಸದಲ್ಲಿ ಎರಡು ಸೆಕೆಂಡಿಗೊಂದು ಕಟ್ ಬೀಳುತ್ತದೆ. ಮೂರು ಕ್ಯಾಮೆರಾ ಇದೆಯೆಂದು ಮೂರನ್ನೂ ತೋರಿಸುತ್ತಲೇ ಇರಬೇಕೆಂಬ ಆಸೆ ಅಲ್ಲಿಂದ ಬರುತ್ತದೆ, ಅದನ್ನು ಹತ್ತಿಕ್ಕಲೇಬೇಕು. ಒಡ್ಡೋಲಗದಲ್ಲಿ ಬಣ್ಣದ ವೇಷ ತೆರೆಯ ಹಿಂದಿನಿಂದ ಇಷ್ಟಿಷ್ಟೇ ಕಾಣಿಸಿಕೊಳ್ಳುವಾಗ ಕ್ಯಾಮೆರಾ ಬದಲಿಸಿ ಕಿರೀಟ ತೋರಿಸಿಬಿಟ್ಟರೆ, ಆ ಕಲಾವಿದ ಕಟ್ಟುತ್ತಿದ್ದ ಕಾತರವನ್ನು ನಾವು ಹಾಳು ಮಾಡಿದೆವು ಎಂದೇ ಅರ್ಥ.

ಬಣ್ಣ ಹೊಂದಿಸುವುದು ಕೊನೆಯ ಕೆಲಸ. ಒಂದು ಮೊಬೈಲಿನಲ್ಲಿ ಹಳದಿಯಾಗಿ, ಇನ್ನೊಂದರಲ್ಲಿ ನೀಲಿಯಾಗಿ ಕಾಣುವ ರಂಗಸ್ಥಳವನ್ನು ಒಂದು ಮಾಡಲು ಎಲ್ಲರಲ್ಲೂ ಇರುವ ಬಿಳಿಯ ವಸ್ತುವೊಂದನ್ನು ಹಿಡಿಯಬೇಕು. ಭಾಗವತರ ಪಂಚೆ ಇದಕ್ಕೆ ಅನುಕೂಲ. ಎಚ್‌ಡಿಆರ್ ಎಂಬುದನ್ನು ತೆಗೆಯುವ ಮೊದಲೇ ಎಲ್ಲ ಮೊಬೈಲುಗಳಲ್ಲಿ ಆಫ್ ಮಾಡಿಟ್ಟರೆ ಅರ್ಧ ತಲೆನೋವು ಇಲ್ಲ. ಬಣ್ಣ ಸರಿಮಾಡುವುದನ್ನು ಮಲ್ಟಿಕ್ಯಾಮ್ ಕ್ಲಿಪ್‌ನ ಒಳಗೆ, ಕ್ಯಾಮೆರಾಕ್ಕೊಂದು ಸಲ ಮಾಡಿದರೆ ಸಾಕು. ಹೊರಗೆ ಟೈಮ್‌ಲೈನಿನಲ್ಲಿ ಮಾಡಹೊರಟರೆ ನೂರಾರು ತುಣುಕುಗಳಿಗೆ ಒಂದೊಂದಾಗಿ ಮಾಡಬೇಕಾಗುತ್ತದೆ.

ಮುಗಿಸಿದ್ದನ್ನು ಯೂಟ್ಯೂಬಿಗೆ ಹಾಕುವ ಮುನ್ನ ಮೇಳದವರನ್ನೂ ಕಲಾವಿದರನ್ನೂ ಕೇಳಬೇಕು. ನಮ್ಮ ಕೃತಿಸ್ವಾಮ್ಯ ಕಾಯ್ದೆ ಪ್ರದರ್ಶಕನಿಗೆ ತನ್ನ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕು ಕೊಟ್ಟಿದೆ. ಮನೆಯೊಳಗೆ ನೋಡಲು ಇಟ್ಟುಕೊಳ್ಳುವುದು ಬೇರೆ, ಲೋಕಕ್ಕೆ ಹಂಚುವುದು ಬೇರೆ. ಹರಕೆಯ ಆಟಕ್ಕೆ ನಾವೇ ವೀಳ್ಯ ಕೊಟ್ಟಿದ್ದೇವೆಂಬ ಮಾತ್ರಕ್ಕೆ ಈ ಹಕ್ಕು ನಮ್ಮದಾಗುವುದಿಲ್ಲ.

ಇನ್ನೊಂದು ವಿಷಯ ಹೇಳಬೇಕು, ಇದನ್ನು ಮಾಡುವವರು ಬಹಳ ಕಡಿಮೆ. ಅಂತಿಮ ವಿಡಿಯೋ ಸಿದ್ಧವಾದೊಡನೆ ಜಾಗ ಉಳಿಸಲು ಮೂಲ ಕ್ಲಿಪ್‌ಗಳನ್ನು ಅಳಿಸಬೇಡಿ. ಒಂದು ಹಾರ್ಡ್‌ಡಿಸ್ಕಿನಲ್ಲಿ ಮೂಲಗಳೂ ಪ್ರಾಜೆಕ್ಟ್ ಕಡತವೂ ಒಟ್ಟಿಗಿರಲಿ, ಸಾಧ್ಯವಾದರೆ ಇನ್ನೊಂದರಲ್ಲಿ ಅದರ ನಕಲು. ಮಲ್ಟಿಕ್ಯಾಮ್ ಕ್ಲಿಪ್‌ನೊಳಗೆ ನಾವು ಆರಿಸದೆ ಬಿಟ್ಟ ಚಿತ್ರಗಳೂ ಸಿಂಕ್ ಆಗಿಯೇ ಕೂತಿರುತ್ತವೆ. ನಾವು ಮಾಡಿದ ಆಯ್ಕೆ ಮನೆಯವರಿಗಾಗಿ. ಊರಿನಲ್ಲಿ ಚೆಂಡೆ ಕಲಿಯುತ್ತಿರುವ ಹುಡುಗನಿಗೆ ಬೇಕಾಗಿರುವುದು ಬೇರೆಯೇ. ಅಂಬೆಯ ಮುಖವನ್ನಾಗಲಿ ಭೀಷ್ಮನ ಬೆರಳನ್ನಾಗಲಿ ಅವನು ಕೇಳುತ್ತಿಲ್ಲ. ಏರುಪದ್ಯಕ್ಕೆ ಗುರುಗಳ ಕೈ ಹೇಗೆ ಏಳುತ್ತದೆ, ಬಿಡ್ತಿಗೆಯಿಂದ ಮುಕ್ತಾಯಕ್ಕೆ ಹೇಗೆ ಇಳಿಯುತ್ತದೆ ಎಂಬುದನ್ನು ನಡುವೆ ಕಡಿಯದೆ ನೋಡಬೇಕು ಅವನಿಗೆ. ಅದೇ ಕ್ಲಿಪ್‌ನ ಇನ್ನೊಂದು ನಕಲು ತೆಗೆದು, ಹಿಮ್ಮೇಳದ ಕ್ಯಾಮೆರಾವೊಂದನ್ನೇ ಮೊದಲಿನಿಂದ ಕೊನೆಯವರೆಗೆ ಆರಿಸಿ, ಮಿಕ್ಸರಿನ ಧ್ವನಿಯೊಂದಿಗೆ ಹೊರತೆಗೆದರೆ ಅವನಿಗೆ ಬೇಕಾದ್ದು ಸಿಕ್ಕಿತು. ಸಿಂಕ್ ಆಗಿರುವ ಕ್ಲಿಪ್‌ನಲ್ಲಿ ಅದಕ್ಕೆ ಹಿಡಿಯುವ ಕೆಲಸ ಒಂದು ಕೀಲಿ ಒತ್ತುವಷ್ಟು. ರಾತ್ರಿ ಕಂಪ್ಯೂಟರನ್ನು ಓಡಲು ಬಿಟ್ಟು ಮಲಗಿದರೆ ಬೆಳಿಗ್ಗೆ ಪೆನ್‌ಡ್ರೈವಿಗೆ ಹಾಕಿ ಕೊಡಬಹುದು.